ತರಗತಿಯಲ್ಲಿ ವಿಡಿಯೊ ಎಡಿಟಿಂಗ್: ಮೊದಲ ಪಾಠ ಹೀಗಿರಲಿ

ಸೇಲಂನ ಏರ್ಕಾಡು ರಸ್ತೆಯಲ್ಲಿ ಟಿ.ಆರ್. ಸುಂದರಂ 1935ರಲ್ಲಿ ಆರಂಭಿಸಿದ ಮಾಡರ್ನ್ ಥಿಯೇಟರ್ಸ್ ನೂರಕ್ಕೂ ಹೆಚ್ಚು ಚಿತ್ರಗಳನ್ನು ತಯಾರಿಸಿತು. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ (1938) ಆ ಸಂಸ್ಥೆಯದೇ. ಆ ಕಾಲದಲ್ಲಿ ಸಂಕಲನಕಾರರು ಫಿಲ್ಮನ್ನು ಕೈಯಾರೆ ಕತ್ತರಿಸಿ ಅಂಟಿಸುತ್ತಿದ್ದರು. ಹಾಗಾಗಿ ಕತ್ತರಿ ಹಿಡಿಯುವ ಮುನ್ನ ನೋಡಿ, ಯೋಚಿಸಿ, ತೀರ್ಮಾನಿಸಬೇಕಿತ್ತು. ಸೇಲಂ, ಧರ್ಮಪುರಿಯ ಮಕ್ಕಳಿಗೆ ಎಡಿಟಿಂಗ್ ಕಲಿಸಹೊರಟ ಶಿಕ್ಷಕರು ಮೊದಲು ರೂಢಿಸಬೇಕಾದದ್ದು ಇದನ್ನೇ. ಸಾಫ್ಟ್‌ವೇರ್ ಆಮೇಲೆ ಬರಲಿ.

1. ಎಲ್ಲರಿಗೂ ಒಂದೇ ಸಾಮಗ್ರಿ ಕೊಡಿ
ಸೇಲಂನ ದೇವಾಂಗ ನೇಕಾರರಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ಅಂಥ ಒಂದು ಮನೆಯ ಮಗ್ಗವನ್ನು, ಮನೆಯವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಿ ಚಿತ್ರೀಕರಿಸಿ. ಧರ್ಮಪುರಿಯವರಿಗೆ ಹೊಗೇನಕಲ್ಲಿನ ಹರಿಗೋಲು ಇದೆ. ಹತ್ತು ಸೆಕೆಂಡಿನ ಹನ್ನೆರಡು ತುಣುಕುಗಳು ಸಾಕು: ಮಗ್ಗವಾದರೆ ಹಾಸಿನ ನೂಲು, ಓಡುವ ಲಾಳಿ, ತುಳಿಯುವ ಕಾಲು, ನೇಕಾರರ ಮುಖ, ನೇಯ್ದ ಬಟ್ಟೆ. ಮೊಬೈಲನ್ನು ಅಡ್ಡ ಹಿಡಿದು, ಅಲುಗಿಸದೆ ತೆಗೆಯಿರಿ.

2. ಮೊದಲು ಕಾಗದದ ಮೇಲೆ
ಒಂದೊಂದು ತುಣುಕಿಗೂ ಒಂದು ಚೀಟಿ. ಮಕ್ಕಳು ಮೂರು-ನಾಲ್ಕು ಮಂದಿಯ ಗುಂಪಾಗಿ ಚೀಟಿಗಳನ್ನು ಸಾಲಾಗಿ ಜೋಡಿಸಲಿ. ಚಿತ್ರ ಒಂದು ನಿಮಿಷ ಮೀರಬಾರದು ಎಂದರೆ ಅರ್ಧದಷ್ಟನ್ನು ಬಿಡಲೇಬೇಕು. ಏನನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಕೇಳಿ.

ರಷ್ಯಾದ ನಿರ್ದೇಶಕ ಲೆವ್ ಕುಲೆಶೊವ್ 1920ರ ಸುಮಾರಿಗೆ ಮಾಡಿದ ಪ್ರಯೋಗವನ್ನೂ ಇಲ್ಲೇ ಮಾಡಿಸಬಹುದು. ನೇಕಾರರ ಮುಖದ ನಂತರ ಮಿನುಗುವ ಬಟ್ಟೆ ಬಂದರೆ ನೋಡುವವರಿಗೆ ತೃಪ್ತಿ ಕಾಣುತ್ತದೆ. ಅದೇ ಮುಖದ ನಂತರ ಖಾಲಿ ಮಗ್ಗ ಬಂದರೆ ಚಿಂತೆ ಕಾಣುತ್ತದೆ. ಬದಲಾದದ್ದು ಮುಖವಲ್ಲ, ಪಕ್ಕದ ಚಿತ್ರ. ಎಡಿಟಿಂಗಿನ ಶಕ್ತಿಯೂ ಹೊಣೆಯೂ ಮಕ್ಕಳಿಗೆ ಒಟ್ಟಿಗೇ ಅರ್ಥವಾಗುವ ಕ್ಷಣವಿದು. ಇದಕ್ಕೆ ಒಂದು ಇಡೀ ಪೀರಿಯಡ್ ಕೊಡಿ.

3. ಕಂಪ್ಯೂಟರ್ ಸಿದ್ಧತೆ
ಕೆಡೆನ್‌ಲೈವ್, ಓಪನ್‌ಶಾಟ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ಗಳೆರಡೂ ಉಚಿತ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತವೆ. ತುಣುಕುಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು, ಪ್ರಾಜೆಕ್ಟನ್ನೂ ಅಲ್ಲೇ ಉಳಿಸಿ. ನಂತರ ಫೈಲಿನ ಜಾಗ ಬದಲಿಸಿದರೆ ಸಾಫ್ಟ್‌ವೇರಿಗೆ ಅದು ಸಿಗುವುದಿಲ್ಲ. ಕಂಪ್ಯೂಟರ್ ಹಳೆಯದಾಗಿ ಚಿತ್ರ ತಡವರಿಸಿದರೆ ಕೆಡೆನ್‌ಲೈವ್‌ನಲ್ಲಿ ಪ್ರಾಕ್ಸಿ ಆಯ್ಕೆ ಹಾಕಿ. ಅದು ಎಡಿಟಿಂಗಿಗಾಗಿ ಹಗುರವಾದ ಪ್ರತಿ ಮಾಡಿಕೊಂಡು, ಕೊನೆಗೆ ಮೂಲ ಫೈಲನ್ನೇ ಬಳಸುತ್ತದೆ.

4. ಕತ್ತರಿಸಿ, ಜೋಡಿಸಿ
ಚೀಟಿಯ ಕ್ರಮದಲ್ಲೇ ತುಣುಕುಗಳನ್ನು ಟೈಮ್‌ಲೈನಿಗೆ ಎಳೆಯಲಿ. ಕೆಡೆನ್‌ಲೈವ್‌ನಲ್ಲಿ ‘ಎಕ್ಸ್’ ಕೀ ಒತ್ತಿದರೆ ಕತ್ತರಿ, ‘ಎಸ್’ ಒತ್ತಿದರೆ ಆಯ್ಕೆ. ಮೊದಲ ವಾರ ಇವೆರಡೇ ಸಾಕು. ಎಫೆಕ್ಟುಗಳ ಪಟ್ಟಿ ತೆರೆಯಬೇಡಿ. ಮಿಂಚುವ ಟ್ರಾನ್ಸಿಷನ್ ಸಿಕ್ಕಿದರೆ ಮಕ್ಕಳ ಗಮನ ಕಥೆಯಿಂದ ಅದಕ್ಕೆ ಹಾರುತ್ತದೆ. ಚಲನೆಯ ನಡುವೆ ಕತ್ತರಿಸಲು ಹೇಳಿಕೊಡಿ: ಲಾಳಿ ಹೊರಟಾಗ ಒಂದು ಶಾಟ್ ಮುಗಿದು, ಅದು ಇನ್ನೊಂದು ತುದಿ ಮುಟ್ಟುವಾಗ ಮುಂದಿನದು ಶುರುವಾದರೆ ಕಣ್ಣಿಗೆ ಜೋಡಣೆ ಗೊತ್ತಾಗದು.

5. ಶಬ್ದ, ಶೀರ್ಷಿಕೆ
ಸಿನಿಮಾ ಹಾಡು ಬೇಡ. ಅದರ ಹಕ್ಕು ಬೇರೆಯವರದು, ಮೇಲಾಗಿ ಮಗ್ಗದ ಸದ್ದನ್ನು ಅದು ನುಂಗಿಬಿಡುತ್ತದೆ. ಆ ಸದ್ದನ್ನೇ ಒಂದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿ ಇಡೀ ಚಿತ್ರದ ಕೆಳಗೆ ಹಾಸಿದರೆ ತುಂಡು ದೃಶ್ಯಗಳು ಒಂದಾಗುತ್ತವೆ. ಯಾರಾದರೂ ಮಾತಾಡುವಲ್ಲಿ ಅದನ್ನು ತಗ್ಗಿಸಿ. ಶೀರ್ಷಿಕೆ ತಮಿಳಿನ ಜೊತೆಗೆ ಕನ್ನಡದಲ್ಲೂ ಇರಲಿ. ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಬಳಸಿ, ಒತ್ತಕ್ಷರಗಳು ಸರಿಯಾಗಿ ಮೂಡಿವೆಯೇ ಎಂದು ನೋಡಿ.

6. ಹೊರತೆಗೆದು ತೋರಿಸಿ
ಎಂಪಿ4 ರೂಪದಲ್ಲಿ ರೆಂಡರ್ ಮಾಡಿ, ಎಲ್ಲ ಗುಂಪುಗಳ ಚಿತ್ರಗಳನ್ನು ಒಂದರ ಹಿಂದೊಂದು ತೋರಿಸಿ. ಸಾಮಗ್ರಿ ಒಂದೇ ಆದ್ದರಿಂದ ಆಯ್ಕೆಗಳ ವ್ಯತ್ಯಾಸ ತಾನೇ ಎದ್ದು ಕಾಣುತ್ತದೆ. ಅಂಕ ಕೊಡುವ ಮುನ್ನ ನೇಕಾರರನ್ನು ಶಾಲೆಗೆ ಕರೆಯಿರಿ. ಕೆಲಸದ ಕ್ರಮ ಎಲ್ಲಿ ತಪ್ಪಿದೆ ಎಂದು ಅವರು ಹೇಳಿದರೆ, ಮಕ್ಕಳು ಟೈಮ್‌ಲೈನಿಗೆ ಮರಳಿ ತಿದ್ದಲಿ. ಆ ತಿದ್ದಿದ ಪ್ರತಿಗೇ ಅಂಕ ಕೊಡಿ.