ಅಲ್ಯೂಮಿನಿಯಂ ತಂತಿಯ ಮನೆಗೆ ವಿಮೆ

ಪ್ರಶ್ನೆ: ಒಂಟಾರಿಯೊದಲ್ಲಿ ನಾವು ಕೊಂಡ 1970ರ ಮನೆಯಲ್ಲಿ ಅಲ್ಯೂಮಿನಿಯಂ ವೈರಿಂಗ್ ಇದೆಯೆಂದು ವಿಮಾ ಕಂಪನಿ ವಿಮೆ ನೀಡಲು ನಿರಾಕರಿಸಿದೆ. ಮುಂದೇನು?

ಉತ್ತರ: ಒಂದು ಕಂಪನಿಯ ನಿರಾಕರಣೆಯನ್ನೇ ಅಂತಿಮವೆಂದು ಭಾವಿಸದೆ, ಹಲವು ಕಂಪನಿಗಳೊಡನೆ ವ್ಯವಹರಿಸುವ ಸ್ವತಂತ್ರ ಬ್ರೋಕರರನ್ನು ಕಂಡು, ಯಾವ ದುರಸ್ತಿಯನ್ನು ವಿಮಾ ಕಂಪನಿ ಒಪ್ಪುವುದೆಂಬುದನ್ನು ಲಿಖಿತವಾಗಿ ಪಡೆದ ತರುವಾಯವೇ ನೀವು ಹಣ ವ್ಯಯಿಸತಕ್ಕದ್ದು. ದೋಷವಿರುವುದು ಬಹುಮಟ್ಟಿಗೆ ಸಂಧಿಗಳಲ್ಲಿ: ಕಾವಿಗೆ ತಾಮ್ರಕ್ಕಿಂತ ಅಧಿಕವಾಗಿ ಹಿಗ್ಗಿ ಕುಗ್ಗುವ ಈ ಲೋಹವು ತಿರುಪಿನಡಿಯಲ್ಲಿ ಸಡಿಲಗೊಂಡು, ಆಕ್ಸೈಡಿನ ಪೊರೆ ಕಟ್ಟಿ, ಸ್ವಿಚ್ಚಿನ ಫಲಕವನ್ನೇ ಬಿಸಿಯೇರಿಸುವುದು. ಆದುದರಿಂದ ಪ್ರತಿಯೊಂದು ಸಂಧಿಯಲ್ಲಿಯೂ ಅನುಮೋದಿತ ಕನೆಕ್ಟರಿನಿಂದ ತಾಮ್ರದ ತುಂಡನ್ನು ಜೋಡಿಸುವುದೇ ನನ್ನ ಮತದಲ್ಲಿ ಯುಕ್ತ. ಸಮಗ್ರ ಮರುವೈರಿಂಗ್ ಬಲು ದುಬಾರಿ. ಪರವಾನಗಿಯುಳ್ಳ ಕಂಟ್ರಾಕ್ಟರರಿಂದಲೇ ಕೆಲಸ ಮಾಡಿಸಿ, ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಯ ತಪಾಸಣಾ ಪತ್ರವನ್ನು ಬ್ರೋಕರರಿಗೆ ಒಪ್ಪಿಸಿರಿ. ವೈರಿಂಗಿನ ಸಂಗತಿಯನ್ನು ಮರೆಮಾಚಿದಿರಾದರೆ ಪರಿಹಾರವೇ ತಪ್ಪೀತು. ಫಲಕ ಬಿಸಿಯಾದರೆ ಅಥವಾ ಕರಕು ವಾಸನೆ ಬಂದರೆ, ಆ ಸರ್ಕ್ಯೂಟನ್ನು ಆರಿಸಿ, ಎಲೆಕ್ಟ್ರಿಷಿಯನರನ್ನು ಅಂದೇ ಕರೆಯಿಸಿರಿ.