ಕಥೆಪುಸ್ತಕದೊಳಗಿನ ಜ್ವರದ ಪುಡಿ



ಸಂತೆಯ ದಿನ ಕೈಗೆ ತುರುಕುವ ಔಷಧದ ಕರಪತ್ರಗಳನ್ನು ನಾವೆಲ್ಲರೂ ಕಂಡಿದ್ದೇವೆ. ಒಂದೇ ಸೀಸೆ ಕೀಲುನೋವಿಗೂ ಸರಿ, ಕಾಮಾಲೆಗೂ ಸರಿ! ಇದು ಇಂದು ನಿನ್ನೆಯ ವ್ಯಾಪಾರವಲ್ಲ.

ಇಂಗ್ಲೆಂಡಿನಲ್ಲಿ 17 ಮತ್ತು 18ನೇ ಶತಮಾನಗಳಲ್ಲಿ ಒಂದು ಹಾಳೆಯನ್ನು ಮಡಚಿ ಮಾಡಿದ ಪುಟ್ಟ ಪುಸ್ತಕಗಳನ್ನು ತಲೆಹೊರೆಯವರು ಹಳ್ಳಿಹಳ್ಳಿಗೆ ಹೊತ್ತು ಮಾರುತ್ತಿದ್ದರು. ಬೆಲೆ ಸುಮಾರು ಒಂದು ಪೆನ್ನಿ. ಕಥೆ, ಲಾವಣಿ, ಬೇಕಾದ್ದೆಲ್ಲ ಅದರಲ್ಲಿ. ಇವನ್ನು ಅಚ್ಚು ಹಾಕುತ್ತಿದ್ದ ಡೈಸಿ ಮನೆತನದವರೇ ಡಾ. ಬೇಟ್‌ಮನ್ ಹೆಸರಿನ ಎದೆರೋಗದ ಹನಿಗಳನ್ನೂ ಮಾರುತ್ತಿದ್ದರು. ಆ ಹನಿಗಳಲ್ಲಿ ಇದ್ದದ್ದು ಅಫೀಮು. ಇಂಥವನ್ನು 'ಪೇಟೆಂಟ್ ಔಷಧ' ಎನ್ನುತ್ತಿದ್ದರು. ಪೇಟೆಂಟ್ ಎಂದರೆ ಮಾರುವ ಹಕ್ಕಿಗೆ ರಾಜನು ಕೊಟ್ಟ ಸನದು, ರೋಗ ವಾಸಿಯಾಗುತ್ತದೆಂಬ ಖಾತ್ರಿಯಲ್ಲ. ಎಷ್ಟೋ ಔಷಧಗಳಿಗೆ ಆ ಸನದೂ ಇರಲಿಲ್ಲ.

ಲಂಡನ್ನಿನ ಜಾನ್ ನ್ಯೂಬರಿ ಇನ್ನೂ ಜಾಣ. ಮಕ್ಕಳ ಪುಸ್ತಕಗಳ ಪ್ರಕಾಶಕ, ಜೊತೆಗೆ ಡಾ. ರಾಬರ್ಟ್ ಜೇಮ್ಸ್ ಅವರ ಜ್ವರದ ಪುಡಿಯ ಮಾರಾಟಗಾರ. 1765ರಲ್ಲಿ ಅವನು ಹೊರತಂದ 'ಗುಡಿ ಟೂ ಶೂಸ್' ಕಥೆಯಲ್ಲಿ ಗೇಣಿ ಹೊಲ ಕಳೆದುಕೊಂಡ ಒಬ್ಬ ರೈತ ಜ್ವರ ಬಂದು ಸಾಯುತ್ತಾನೆ. ಏಕೆ? ಆ ಊರಿನಲ್ಲಿ ಡಾ. ಜೇಮ್ಸ್ ಪುಡಿ ಸಿಗುತ್ತಿರಲಿಲ್ಲವಂತೆ! ಅನಾಥ ಮಗುವಿನ ಕಣ್ಣೀರಿನ ನಡುವೆ ಜಾಹೀರಾತು. ಓದಿದ ತಾಯಿ ಮಾರನೆಯ ದಿನವೇ ಅಂಗಡಿಗೆ ಓಡದಿದ್ದಾಳೆಯೇ?

ಪುಡಿಯಲ್ಲಿದ್ದದ್ದು ಮುಖ್ಯವಾಗಿ ಆಂಟಿಮನಿ ಮತ್ತು ಸುಣ್ಣದ ಫಾಸ್ಫೇಟ್. ಆಂಟಿಮನಿ ವಿಷಗುಣದ ವಸ್ತು. ವಾಂತಿ ಮಾಡಿಸುತ್ತದೆ, ಬೆವರಿಸುತ್ತದೆ. ಬೆವರು ಬಂದರೆ ಜ್ವರ ಇಳಿಯಿತೆಂದು ಜನ ನಂಬಿದರು. ಕವಿ ಆಲಿವರ್ ಗೋಲ್ಡ್‌ಸ್ಮಿತ್ ನ್ಯೂಬರಿಗಾಗಿ ಬರೆದುಕೊಡುತ್ತಿದ್ದವರು; ಈ ಕಥೆಯೂ ಅವರದೇ ಎಂದು ಕೆಲವರ ಊಹೆ. 1774ರಲ್ಲಿ ಅವರಿಗೆ ಜ್ವರ ಬಂತು. ಬೇಡವೆಂದು ಔಷಧಗಾರ ಹೇಳಿದರೂ ಕೇಳದೆ ಇದೇ ಪುಡಿಯನ್ನು ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಪುಡಿಯೇ ಕೊಂದಿತೋ, ಕಾಯಿಲೆಯೋ ಎಂಬ ವಾದ ಆಗಲೇ ಎದ್ದಿತ್ತು.

ಮಕ್ಕಳ ಪಾಡು ಇನ್ನೂ ಕಷ್ಟ. 'ಗಾಡ್‌ಫ್ರೇ ಕಾರ್ಡಿಯಲ್' ಎಂಬ ಸಿಹಿ ದ್ರವವನ್ನು ಅಳುವ ಹಸುಗೂಸಿಗೆ ಕುಡಿಸಿ ತಾಯಂದಿರು ಕೆಲಸಕ್ಕೆ ಹೋಗುತ್ತಿದ್ದರು. ಕಾಕಂಬಿಯ ಸಿಹಿಯಡಿ ಅಫೀಮು. ಮಲಗಿದ ಕೂಸುಗಳಲ್ಲಿ ಎಷ್ಟೋ ಏಳಲೇ ಇಲ್ಲ.

ನಮ್ಮ ದೇಶದಲ್ಲಿ 1954ರ ಕಾನೂನು ಕ್ಯಾನ್ಸರ್, ಸಿಹಿಮೂತ್ರ, ಮೂರ್ಛೆರೋಗ ಮುಂತಾದವುಗಳನ್ನು ವಾಸಿಮಾಡುತ್ತೇವೆಂಬ ಔಷಧ ಜಾಹೀರಾತನ್ನು ಅಪರಾಧವೆಂದಿದೆ. ಅಂಥ ಕರಪತ್ರ ಕೈಗೆ ಸಿಕ್ಕಿದರೆ ಹರಿದು ಎಸೆಯಬೇಡಿ. ಸರಕಾರಿ ಆಸ್ಪತ್ರೆಯ ವೈದ್ಯರಿಗೆ ಒಯ್ದು ತೋರಿಸಿ.