ತಾತನ ಪೀಳಿಗೆ, ಅಪ್ಪನ ಪೀಳಿಗೆ, ನಿನ್ನ ಪೀಳಿಗೆ: ನಿಜಕ್ಕೂ ಬೇರೆ ಬೇರೆನಾ?



"ನಮ್ಮ ಕಾಲದಲ್ಲಿ ಹೀಗಿರಲಿಲ್ಲಪ್ಪ" ಅನ್ನೋ ಮಾತನ್ನು ನೀವು ಎಷ್ಟು ಸಲ ಕೇಳಿದ್ದೀರಿ? ನಮ್ಮ ಭಾನುವಾರದ ತರಗತಿಯಲ್ಲಿ ಕೇಳಿದಾಗ ಎಲ್ಲರ ಕೈಯೂ ಮೇಲೆ ಹೋಯಿತು. "ಅಪ್ಪ ಅಮ್ಮಂಗೆ ಏನೂ ಅರ್ಥ ಆಗಲ್ಲ, ಅವರ ಜನರೇಶನ್ನೇ ಹಾಗೆ" ಅಂತ ಎಷ್ಟು ಸಲ ಅಂದುಕೊಂಡಿದ್ದೀರಿ ಅಂತ ಕೇಳಿದೆ. ಕೈ ಅರ್ಧ ಎತ್ತಿ, ಬಾಗಿಲ ಹತ್ತಿರ ನಿಂತಿದ್ದ ಅಮ್ಮಂದಿರ ಕಡೆ ನೋಡಿ, ಮತ್ತೆ ಇಳಿಸಿದಿರಿ!

ಈ ಸಲದ ಪಾಠ ಇದೇ. ಒಂದು ಪೀಳಿಗೆಯವರು ಇನ್ನೊಂದು ಪೀಳಿಗೆಯವರಿಗಿಂತ ನಿಜವಾಗಲೂ ಬೇರೆ ಥರ ಯೋಚಿಸುತ್ತಾರಾ? ಮದುವೆ, ಜಾತಿ, ಓಟು, ಸರ್ಕಾರ, ಇಂಥ ವಿಷಯಗಳಲ್ಲಿ? ನಾನು ಸಮಾಜಶಾಸ್ತ್ರ ಓದಿದವನಲ್ಲ, ಸಾಫ್ಟ್‌ವೇರ್ ಬರೆಯುವವನು. ಆದರೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು.

ಊಟದ ಮೇಜಿನ ಮೇಲೆ

ಕಳೆದ ವರ್ಷ ನಮ್ಮ ತಂದೆ ತಿಪಟೂರಿನಿಂದ ಪ್ರಾಸ್ಪೆಕ್ಟ್‌ಗೆ ಬಂದು ಮೂರು ತಿಂಗಳು ಇದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಮಗಳು ತನ್ನ ಹೊಸ ಗೆಳತಿಯ ವಿಷಯ ಹೇಳುತ್ತಿದ್ದಳು. ಗೆಳತಿಯ ಮನೆಯವರೂ ಕರ್ನಾಟಕದವರೇ ಅಂತ ತಿಳಿದ ತಕ್ಷಣ ತಂದೆ ಕೇಳಿದರು: "ಅವರು ಯಾವ ಪೈಕಿ?"

ಮಗಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಯಾವ ಜಾತಿ ಅಂತ ಕೇಳ್ತಿದ್ದಾರೆ ಎಂದು ನಾನೇ ಬಿಡಿಸಿ ಹೇಳಿದೆ. ಅವಳು ತಟ್ಟೆಯಿಂದ ಕಣ್ಣೆತ್ತದೆ, "ತಾತ, ನೀವು ತುಂಬಾ ಬೂಮರ್" ಅಂದಳು. ಆ ಪದದ ಅರ್ಥವನ್ನೂ ನಾನೇ ತಂದೆಗೆ ಹೇಳಬೇಕಾಯಿತು. ಅವರು ನಕ್ಕರು. ಆದರೆ ಮಜ್ಜಿಗೆ ಅನ್ನಕ್ಕೆ ಕಾಯದೆ ಕೈ ತೊಳೆದುಕೊಂಡರು. ಮುಂದಿನ ಎರಡು ದಿನ ತಾತ ಮೊಮ್ಮಗಳ ನಡುವೆ ಮಾತು ಕಡಿಮೆ.

ಹೆಸರಿನ ಲೆಕ್ಕದಲ್ಲಿ ಮಗಳು ಹೇಳಿದ್ದು ಸರಿಯೇ. 1946ರಿಂದ 1964ರ ನಡುವೆ ಹುಟ್ಟಿದವರನ್ನು ಬೇಬಿ ಬೂಮರ್ ಅನ್ನುತ್ತಾರೆ. ತಂದೆ ಹುಟ್ಟಿದ್ದು 1949ರಲ್ಲಿ. ನಾನು 1979, ಅಂದರೆ ಜನರೇಶನ್ ಎಕ್ಸ್. 2012ರಲ್ಲಿ ಹುಟ್ಟಿದ ಮಗಳು ಜನರೇಶನ್ ಆಲ್ಫಾ. ಅಂದಹಾಗೆ ಈ ಆಲ್ಫಾ ಅನ್ನೋ ಹೆಸರು ಇಟ್ಟವರು ಆಸ್ಟ್ರೇಲಿಯಾದವರೇ ಆದ ಮಾರ್ಕ್ ಮೆಕ್ರಿಂಡಲ್. ಡಬ್ಬದ ಮೇಲೆ ಚೀಟಿ ಅಂಟಿಸುವುದು ಸುಲಭ. ಒಳಗೆ ಇರುವುದು ಚೀಟಿಯಲ್ಲಿ ಬರೆದದ್ದೇನಾ ಅನ್ನೋದು ಬೇರೆ ಪ್ರಶ್ನೆ.

ಒಂದು ಲೆಕ್ಕ, ಮೂರು ಕಾರಣ

ಒಬ್ಬ ಅಜ್ಜ ಮತ್ತು ಒಬ್ಬ ಮೊಮ್ಮಗಳು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟರು ಅಂತಿಟ್ಟುಕೊಳ್ಳಿ. ಅದಕ್ಕೆ ಮೂರು ಕಾರಣ ಇರಬಹುದು.

ಮೊದಲನೆಯದು ವಯಸ್ಸು. ಹನ್ನೆರಡು ವರ್ಷದವರಿಗೆ ಮನೆ ಸಾಲವಿಲ್ಲ, ಮಂಡಿ ನೋವಿಲ್ಲ. ಎಪ್ಪತ್ತು ವರ್ಷವಾದಾಗ ಅದೇ ಹುಡುಗಿ ಬೇರೆ ಥರ ಯೋಚಿಸಬಹುದು.

ಎರಡನೆಯದು ಕಾಲ. ದೊಡ್ಡ ಘಟನೆಯೊಂದು ನಡೆದಾಗ ಚಿಕ್ಕವರು, ದೊಡ್ಡವರು ಎಲ್ಲರ ಮನಸ್ಸೂ ಒಟ್ಟಿಗೆ ಬದಲಾಗಬಹುದು. ಕೋವಿಡ್ ಬಂದಾಗ ನಾವೆಲ್ಲ ಇದನ್ನು ಕಣ್ಣಾರೆ ಕಂಡೆವು.

ಮೂರನೆಯದು ಪೀಳಿಗೆ. ಹದಿಹರೆಯದಲ್ಲಿ ಕಂಡದ್ದು, ಕೇಳಿದ್ದು ಮನಸ್ಸಿನಲ್ಲಿ ಅಚ್ಚೊತ್ತಿ ಕೊನೆವರೆಗೂ ಉಳಿಯುತ್ತದೆ ಎನ್ನುವ ವಿಚಾರ. ಕಾರ್ಲ್ ಮಾನ್‌ಹೈಮ್ ಎಂಬ ವಿದ್ವಾಂಸರು 1928ರಲ್ಲೇ ಇದರ ಬಗ್ಗೆ ಒಂದು ಹೆಸರಾಂತ ಪ್ರಬಂಧ ಬರೆದರು. ಆದರೆ ಅದರಲ್ಲೇ ಇನ್ನೊಂದು ಮಾತೂ ಇತ್ತು: ಒಂದೇ ಪೀಳಿಗೆಯ ಒಳಗೇ ಒಬ್ಬರಿಗೊಬ್ಬರು ವಿರುದ್ಧವಾದ ಗುಂಪುಗಳು ಇರುತ್ತವೆ. ಈ ಎರಡನೇ ಮಾತನ್ನು ನಾವು ಮರೆತುಬಿಡುತ್ತೇವೆ.

ಈ ಮೂರನ್ನು ಬಿಡಿಸಿ ನೋಡುವುದು ಯಾಕೆ ಕಷ್ಟ? ನೀವು ಎರಡನೇ ತರಗತಿಯಲ್ಲೇ ಕಲಿತ ಕಳೆಯುವ ಲೆಕ್ಕ ನೋಡಿ:

ವಯಸ್ಸು = ಈಗಿನ ಇಸವಿ − ಹುಟ್ಟಿದ ಇಸವಿ

ಇವುಗಳಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿಯೇ ಬರುತ್ತದೆ. ಎರಡನ್ನು ಹಾಗೇ ಹಿಡಿದಿಟ್ಟು ಮೂರನೆಯದನ್ನು ಮಾತ್ರ ಬದಲಾಯಿಸಿ ನೋಡೋಣ ಅಂದರೆ ಆಗುವುದಿಲ್ಲ. ನಮ್ಮ ಕೆಲಸದಲ್ಲಿ ಪ್ರೋಗ್ರಾಂ ತಪ್ಪಾದರೆ ಒಂದೊಂದೇ ಸಾಲು ಬದಲಾಯಿಸಿ ತಪ್ಪು ಹುಡುಕುತ್ತೇವೆ. ಇಲ್ಲಿ ಒಂದು ಸಾಲು ಮುಟ್ಟಿದರೆ ಇನ್ನೊಂದೂ ಬದಲಾಗುತ್ತದೆ! ಅದಕ್ಕೇ "ಅವರ ಪೀಳಿಗೆಯೇ ಹಾಗೆ" ಅಂತ ಯಾರಾದರೂ ಥಟ್ ಅಂತ ಹೇಳಿದರೆ ಸ್ವಲ್ಪ ಅನುಮಾನ ಪಡಬೇಕು.

ಎರಡೂವರೆ ತಿಂಗಳಲ್ಲಿ ಪೀಳಿಗೆ ಬದಲಾಗತ್ತಾ?

ಕರ್ನಾಟಕದ ಒಂದು ಉದಾಹರಣೆ ಹೇಳುತ್ತೇನೆ. ನಿಮ್ಮ ಅಜ್ಜ ಅಜ್ಜಿಗೆ ಇದು ಚೆನ್ನಾಗಿ ನೆನಪಿರಬಹುದು, ಕೇಳಿ ನೋಡಿ. 1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಅದೇ ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ ಗೆದ್ದಿತು. ಆಗ ರಾಜ್ಯದಲ್ಲಿ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷ ಗೆದ್ದಿತು.

ಎರಡೂವರೆ ತಿಂಗಳಲ್ಲಿ ಹೊಸ ಪೀಳಿಗೆ ಹುಟ್ಟಿ, ಬೆಳೆದು, ಓಟು ಹಾಕಲು ಸಾಧ್ಯವೇ? ಇಲ್ಲ. ಅದೇ ಜನ, ಅದೇ ಊರು, ಅದೇ ಶಾಲೆಯ ಮತಗಟ್ಟೆ. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಅಂತ ಅವರು ಬೇರೆ ಬೇರೆಯಾಗಿ ಯೋಚಿಸಿದರು. ಇಲ್ಲಿ ಕಂಡ ಬದಲಾವಣೆ ಕಾಲ ಮತ್ತು ಸಂದರ್ಭದ್ದು, ಪೀಳಿಗೆಯದ್ದಲ್ಲ.

ಅಡಿಲೇಡ್‌ನ ಇಬ್ಬರು ಅಜ್ಜಿಯರು

ಈಗ ನಮ್ಮ ಊರಿಗೇ ಬರೋಣ. ಹೊಸ ವಿಚಾರ ತರುವವರು ಯುವಕರು, ಅಡ್ಡಗಾಲು ಹಾಕುವವರು ಮುದುಕರು, ಅಲ್ವಾ? ಹಾಗಾದರೆ ಇದನ್ನು ಓದಿ.

ಸೌತ್ ಆಸ್ಟ್ರೇಲಿಯಾದ ಪಾರ್ಲಿಮೆಂಟು 1894ರ ಡಿಸೆಂಬರ್ 18ರಂದು ಹೆಣ್ಣುಮಕ್ಕಳಿಗೆ ಮತದ ಹಕ್ಕು ಮತ್ತು ಚುನಾವಣೆಗೆ ನಿಲ್ಲುವ ಹಕ್ಕು ಎರಡನ್ನೂ ಕೊಡುವ ಮಸೂದೆಗೆ ಒಪ್ಪಿಗೆ ನೀಡಿತು. ಅದಕ್ಕಾಗಿ ಸಲ್ಲಿಸಿದ ಮನವಿಯಲ್ಲಿ ಸುಮಾರು 11,600 ಸಹಿಗಳಿದ್ದವು. ಕಾಗದಗಳನ್ನು ಒಂದಕ್ಕೊಂದು ಅಂಟಿಸಿ ಸುರುಳಿ ಮಾಡಿದ ಆ ಮನವಿಯ ಉದ್ದ ಸುಮಾರು 122 ಮೀಟರ್. ಈ ಹೋರಾಟದ ಮುಂಚೂಣಿಯಲ್ಲಿದ್ದ ಮೇರಿ ಲೀ ಅವರಿಗೆ ಆಗ 73 ವರ್ಷ! ಮಸೂದೆಯನ್ನು ಕೆಡಿಸಲು ಹೊರಟ ಸದಸ್ಯ ಎಬನೇಜರ್ ವಾರ್ಡ್ ಅವರಿಗಿಂತ ಹದಿನಾರು ವರ್ಷ ಚಿಕ್ಕವರು. ಹೆಣ್ಣುಮಕ್ಕಳು ಚುನಾವಣೆಗೂ ನಿಲ್ಲಬಹುದು ಅಂತ ಮಾಡಿಬಿಟ್ಟರೆ ಗಾಬರಿಯಾಗಿ ಯಾರೂ ಒಪ್ಪುವುದಿಲ್ಲ ಎಂದು ವಾರ್ಡ್ ಲೆಕ್ಕ ಹಾಕಿದ್ದರು. ಲೆಕ್ಕ ತಲೆಕೆಳಗಾಯಿತು.

ಮೂರು ವರ್ಷ ಬಿಟ್ಟು, 1897ರಲ್ಲಿ, ಕ್ಯಾಥರಿನ್ ಹೆಲನ್ ಸ್ಪೆನ್ಸ್ ಆಸ್ಟ್ರೇಲಿಯಾದಲ್ಲೇ ಚುನಾವಣೆಗೆ ನಿಂತ ಮೊದಲ ಮಹಿಳೆಯಾದರು. ಅವರಿಗೆ ಆಗ 71. ಗೆಲ್ಲಲಿಲ್ಲ, ಆದರೆ ನಿಂತರು.

ನಮ್ಮ ಕನ್ನಡದಲ್ಲೂ ಇಂಥ ಹಿರಿಯರಿದ್ದಾರೆ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಪಕ್ಷೇತರರಾಗಿ ಸ್ಪರ್ಧಿಸಿದಾಗ ಅವರಿಗೆ 87 ವರ್ಷ. ಅವರೂ ಗೆಲ್ಲಲಿಲ್ಲ.

ಹಾಗಂತ ಎಲ್ಲ ಹಳಬರೂ ಮುಂದಿದ್ದರು ಅಂತಲ್ಲ. ಸೌತ್ ಆಸ್ಟ್ರೇಲಿಯಾದ ಪಾರ್ಲಿಮೆಂಟಿಗೆ ಮೊದಲ ಮಹಿಳೆಯರು, ಜೆಸ್ಸಿ ಕೂಪರ್ ಮತ್ತು ಜಾಯ್ಸ್ ಸ್ಟೀಲ್, ಆಯ್ಕೆಯಾದದ್ದು 1959ರಲ್ಲಿ. ಕಾನೂನು ಬದಲಾಗಿ 65 ವರ್ಷ ಆದ ಮೇಲೆ! ಕಾನೂನು ಒಂದು ದಿನದಲ್ಲಿ ಬದಲಾಗಬಹುದು, ರೂಢಿ ಹಾಗಲ್ಲ.

ಹಾಗಾದರೆ ಪೀಳಿಗೆಯ ವ್ಯತ್ಯಾಸ ಸುಳ್ಳೇ?

ಸುಳ್ಳಲ್ಲ. ಆಸ್ಟ್ರೇಲಿಯನ್ ಎಲೆಕ್ಷನ್ ಸ್ಟಡಿ ಎಂಬ ಅಧ್ಯಯನ 1987ರಿಂದ ಪ್ರತಿ ಫೆಡರಲ್ ಚುನಾವಣೆಯಾದ ಮೇಲೆ ಮತದಾರರನ್ನು ಪ್ರಶ್ನೆ ಕೇಳುತ್ತಾ ಬಂದಿದೆ. ವಯಸ್ಸಾದಂತೆ ಜನ ಲಿಬರಲ್-ನ್ಯಾಷನಲ್ ಕಡೆಗೆ ವಾಲುತ್ತಾರೆ ಎಂದು ಇಲ್ಲಿ ಬಹಳ ಜನ ನಂಬಿದ್ದರು. 1980ರ ನಂತರ ಹುಟ್ಟಿದ ಮಿಲೇನಿಯಲ್‌ಗಳಲ್ಲಿ ಆದದ್ದು ಉಲ್ಟಾ: ಆ ಕೂಟಕ್ಕೆ ಅವರ ಬೆಂಬಲ 2016ರಲ್ಲಿ ಶೇ. 38 ಇದ್ದದ್ದು 2022ರಲ್ಲಿ ಶೇ. 25ಕ್ಕೆ ಇಳಿಯಿತು. ಆರು ವರ್ಷ ದೊಡ್ಡವರಾದರೂ ವಾಲಲಿಲ್ಲ. ಇಲ್ಲಿ ಪೀಳಿಗೆಯ ಗುರುತು ಕಾಣುತ್ತದೆ. ಆದರೆ 2022ರಲ್ಲಿ ಒಟ್ಟಾರೆ ಆ ಕೂಟವೇ ಸೋತಿತ್ತು, ಹಾಗಾಗಿ ಇದರಲ್ಲಿ ಕಾಲದ ಪಾಲೂ ಇದೆ. ಇನ್ನೊಂದು ಮಾತು: ಶೇ. 25 ಅಂದರೆ ಪ್ರತಿ ನಾಲ್ವರಲ್ಲಿ ಒಬ್ಬರು. ಒಂದೇ ಚೀಟಿ ಅಂಟಿಸಿದ ನಾಲ್ಕು ಜನರಲ್ಲೂ ಒಬ್ಬರದು ಬೇರೆ ದಾರಿ. (ಯಾವ ಪಕ್ಷ ಸರಿ ಅನ್ನೋದು ಈ ಪಾಠದ ವಿಷಯ ಅಲ್ಲ, ದಯವಿಟ್ಟು ವಾಟ್ಸ್ಆ್ಯಪ್ ಗ್ರೂಪಿಗೆ ತರಬೇಡಿ!)

ಪ್ರಾಸ್ಪೆಕ್ಟ್ ರೋಡಿನ ವಾಕಿಂಗ್

ಈಗ ಮನೆಯ ಕಥೆ ಮುಗಿಸುತ್ತೇನೆ. ಮೂರನೇ ದಿನ ಸಂಜೆ ಮೂವರೂ ಪ್ರಾಸ್ಪೆಕ್ಟ್ ರೋಡಿನಲ್ಲಿ ವಾಕಿಂಗ್ ಹೊರಟೆವು. ನಾನು ಮಗಳಿಗೆ ಒಂದು ಹಳೆಯ ವಿಷಯ ಹೇಳಿದೆ. 2019ರಲ್ಲಿ ನನ್ನ ಚಿಕ್ಕಪ್ಪನ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಚಿಕ್ಕಪ್ಪ ಹೋಗಲಿಲ್ಲ. ನಮ್ಮ ತಂದೆ, ಎಪ್ಪತ್ತು ವರ್ಷದವರು, ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಹುಡುಗಿಯ ತಂದೆಯ ಜಾಗದಲ್ಲಿ ನಿಂತು ಧಾರೆ ಎರೆದು ಬಂದರು. ಹಿಂದಿನ ದಿನ ಫೋನ್ ಮಾಡಿ, "ಅಪ್ಪಾ, ನೀವ್ಯಾಕೆ ಹೋಗ್ತೀರಿ, ಚಿಕ್ಕಪ್ಪಂಗೆ ಬೇಜಾರಾಗತ್ತೆ, ಊರೋರು ಏನಂತಾರೆ" ಅಂದವನು ಯಾರು ಗೊತ್ತಾ? ನಾನು. ನಲವತ್ತು ವರ್ಷದ, ಅಡಿಲೇಡ್‌ನಲ್ಲಿ ಕೂತಿದ್ದ ಎಂಜಿನಿಯರು.

ಅಣ್ಣ ತಮ್ಮ ಇಬ್ಬರೂ ಬೂಮರ್‌ಗಳೇ, ಒಬ್ಬರು ಹೋದರು, ಒಬ್ಬರು ಹೋಗಲಿಲ್ಲ. ಅವರಿಗಿಂತ ಮೂವತ್ತು ವರ್ಷ ಚಿಕ್ಕವನಾದ ನಾನು ಹಿಂದೆ ಉಳಿದೆ. ಯಾಕೆ ಅಂತ ಆಮೇಲೆ ಯೋಚಿಸಿದೆ. ನಾನು ಊರು ಬಿಟ್ಟದ್ದು 2006ರಲ್ಲಿ. ನನ್ನ ತಲೆಯೊಳಗಿನ ತಿಪಟೂರಿನ ಗಡಿಯಾರ ಅಲ್ಲೇ ನಿಂತುಬಿಟ್ಟಿತ್ತು. ತಂದೆ ಅಲ್ಲೇ ಇದ್ದು ಊರಿನ ಜೊತೆ ನಡೆದರು. ಪೋಷಕರೇ, ಇದು ನಮ್ಮಲ್ಲಿ ಹಲವರ ಕಥೆ ಇರಬಹುದು. "ನಮ್ಮ ಸಂಸ್ಕೃತಿ" ಅಂತ ಮಕ್ಕಳಿಗೆ ಕಲಿಸುವಾಗ ಅದು ಯಾವ ಇಸವಿಯದ್ದು ಅಂತ ಒಮ್ಮೆ ನೋಡಿಕೊಳ್ಳೋಣ.

ಎಲ್ಲ ಕೇಳಿಸಿಕೊಂಡು ಮಗಳು ತಾತನನ್ನು ನೇರವಾಗಿ ಕೇಳಿದಳು: "ಹಾಗಾದ್ರೆ ನನ್ನ ಫ್ರೆಂಡ್ ಯಾವ ಪೈಕಿ ಅಂತ ಯಾಕೆ ಕೇಳಿದ್ರಿ ತಾತ?"

ತಂದೆ ನಾಲ್ಕು ಹೆಜ್ಜೆ ಸುಮ್ಮನೆ ನಡೆದರು. "ಅಭ್ಯಾಸ ಕಣಮ್ಮಾ. ಕೇಳಬಾರದಿತ್ತು. ನೀನು ಹೇಳಿದ್ದು ಒಳ್ಳೇದಾಯ್ತು" ಅಂದರು.

ಇದಕ್ಕೇ ಈ ಪಾಠ, ಮಕ್ಕಳೇ. ತಪ್ಪು ಕಂಡರೆ ತಪ್ಪು ಅಂತ ಹೇಳಿ, ಹೇಳಲೇಬೇಕು. ಆದರೆ "ಬೂಮರ್" ಅಂತ ಚೀಟಿ ಅಂಟಿಸಿ ಎದ್ದು ಹೋದರೆ, ಧಾರೆ ಎರೆದ ಕಥೆ ನಿಮಗೆ ಸಿಗುವುದೇ ಇಲ್ಲ. ದೊಡ್ಡವರೂ ಅಷ್ಟೇ: "ಈಗಿನ ಮಕ್ಕಳೇ ಹೀಗೆ" ಅಂದ ಕ್ಷಣದಿಂದ ಮಕ್ಕಳು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತಾರೆ.

ಮನೆಯಲ್ಲಿ ಮಾಡಿ

1. ಅಜ್ಜಿಗೋ ತಾತನಿಗೋ ಫೋನ್ ಮಾಡಿ ಕೇಳಿ: "ನೀವು ಚಿಕ್ಕವರಿದ್ದಾಗ ಸರಿ ಅಂದುಕೊಂಡು, ಈಗ ತಪ್ಪು ಅನ್ನಿಸುವ ಒಂದು ವಿಷಯ ಯಾವುದು?" ಉತ್ತರವನ್ನು ಕನ್ನಡದಲ್ಲಿ ಐದು ವಾಕ್ಯಗಳಲ್ಲಿ ಬರೆಯಿರಿ.

2. ಅದೇ ಪ್ರಶ್ನೆಯನ್ನು ಅಪ್ಪ ಅಮ್ಮನಿಗೂ ಕೇಳಿ. ಅವರ ಮನಸ್ಸು ಬದಲಾದದ್ದು ವಯಸ್ಸಿನಿಂದಲೋ, ಕಾಲದಿಂದಲೋ, ಊರು ಬಿಟ್ಟು ಬಂದದ್ದರಿಂದಲೋ? ಚರ್ಚಿಸಿ.

3. ರಜೆಯಲ್ಲಿ ಅಡಿಲೇಡ್ ಸಿಟಿಗೆ ಹೋದಾಗ ನಾರ್ತ್ ಟೆರೇಸ್‌ನಲ್ಲಿ ಮೇರಿ ಲೀ ಅವರ ಪ್ರತಿಮೆಯನ್ನೂ, ಲೈಟ್ ಸ್ಕ್ವೇರ್‌ನಲ್ಲಿ ಕ್ಯಾಥರಿನ್ ಸ್ಪೆನ್ಸ್ ಅವರ ಪ್ರತಿಮೆಯನ್ನೂ ನೋಡಿ ಬನ್ನಿ.

4. ನಿಮಗೀಗ ಖಂಡಿತ ಸರಿ ಅನ್ನಿಸುವ ಒಂದು ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು, ಇಸವಿ ಹಾಕಿ, ಅಮ್ಮನ ಹತ್ತಿರ ಕೊಡಿ. ಹತ್ತು ವರ್ಷ ಬಿಟ್ಟು ತೆಗೆದು ನೋಡೋಣ.